ಹಳ್ಳಿಯ ಗ್ರಂಥಾಲಯ: ಸೂರು ಮೊದಲು, ಸೋಲಾರು ಆಮೇಲೆ

(ಪಂಚಾಯಿತಿ ಸದಸ್ಯರು, ಪಿಡಿಒಗಳು, ಕಿರಿಯ ಎಂಜಿನಿಯರುಗಳು ಮತ್ತು ಗ್ರಂಥಾಲಯ ಮೇಲ್ವಿಚಾರಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆ. ಶಾಲೆ ಬಿಟ್ಟಿದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದೆ. ಮಕ್ಕಳು ಗ್ರಂಥಾಲಯಕ್ಕೆ ಬರುವ ಹೊತ್ತೇ ಅದು. ಬಾಗಿಲು ದಾಟಿದರೆ ಹೊರಗಿಗಿಂತ ಒಳಗೇ ಹೆಚ್ಚು ಸೆಕೆ. ಫ್ಯಾನು ತಿರುಗುತ್ತಿದೆ, ಬಿಸಿಗಾಳಿಯನ್ನೇ ತಲೆ ಮೇಲೆ ಸುರಿಯುತ್ತಿದೆ. ಹತ್ತು ನಿಮಿಷಕ್ಕೆ ಮಕ್ಕಳು ಪುಸ್ತಕ ಎತ್ತಿಕೊಂಡು ಅರಳಿಕಟ್ಟೆಗೆ ಹೋಗುತ್ತಾರೆ. ಓದುವ ಆಸಕ್ತಿ ಇಲ್ಲ ಅಂತ ಅವರನ್ನು ಬೈಯುವುದು ಸುಲಭ. ಆದರೆ ತಪ್ಪು ತಲೆಯ ಮೇಲಿರುವ ನಾಲ್ಕಂಗುಲದ ಆರ್‌ಸಿಸಿ ಮೋಲ್ಡಿನದು. ಮಧ್ಯಾಹ್ನ ಒಂದು, ಒಂದೂವರೆಗೆ ಬರಿ ತಾರಸಿಯ ಮೇಲ್ಮೈ 60 ಡಿಗ್ರಿ ಆಸುಪಾಸಿಗೆ ಕಾಯುತ್ತದೆ. ಆ ಕಾವು ಕಾಂಕ್ರೀಟಿನೊಳಗೆ ಇಳಿದು ಕೆಳಮುಖಕ್ಕೆ ಬರಲು ಮೂರು ಗಂಟೆಯಷ್ಟು ಹಿಡಿಯುತ್ತದೆ. ಅಂದರೆ ಸರಿಯಾಗಿ ನಾಲ್ಕೂವರೆಗೆ.

ಪರಿಸರಸ್ನೇಹಿ ಕಟ್ಟಡ ಅಂದ ಕೂಡಲೇ ಎಲ್ಲರ ಕಣ್ಣೂ ಸೋಲಾರ್ ಪ್ಯಾನೆಲಿನ ಮೇಲೆ ಹೋಗುತ್ತದೆ. ಉದ್ಘಾಟನೆಯ ಫೋಟೋದಲ್ಲಿ ಚೆನ್ನಾಗಿ ಕಾಣುವುದೂ ಅದೇ. ನಾನು ಇಲ್ಲಿ ವಾದಿಸುವುದು ಬೇರೆ. ಹಳ್ಳಿಯ ಗ್ರಂಥಾಲಯವನ್ನು ನಡೆಸುವವರು ಒಬ್ಬರೇ ಮೇಲ್ವಿಚಾರಕರು. ಅವರ ಕೈಯಲ್ಲಿ ದುರಸ್ತಿಗೆ ಅಂತ ಇರುವ ದುಡ್ಡು ಅತ್ಯಲ್ಪ. ಯಂತ್ರ ಕೆಟ್ಟರೆ ಬಂದು ನೋಡುವವರು ಹೋಬಳಿಯ ಎಲೆಕ್ಟ್ರಿಷಿಯನ್ನು, ಪ್ಲಂಬರು, ಅಷ್ಟೆ. ಹಾಗಾಗಿ ಯಂತ್ರ ಇಲ್ಲದೆ ಆಗುವ ಕೆಲಸವನ್ನೆಲ್ಲ ಕಟ್ಟಡವೇ ಮಾಡಬೇಕು. ಯಂತ್ರ ಇಡಲೇಬೇಕಾದ ಕಡೆ ಅದು ಊರಿನಲ್ಲೇ ರಿಪೇರಿ ಆಗುವಂಥದ್ದಿರಬೇಕು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವನ್ನು ಅರಿವು ಕೇಂದ್ರ ಅಂತ ಕರೆಯುತ್ತೇವೆ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಆ ದುಡ್ಡು ಪುಸ್ತಕಕ್ಕೆ ಹೋಗಬೇಕೇ ಹೊರತು ಕರೆಂಟ್ ಬಿಲ್ಲಿಗಲ್ಲ.

ಕೆಡವುವ ಮೊದಲು

ಮೊದಲ ಪ್ರಶ್ನೆ: ಹೊಸ ಕಟ್ಟಡ ಬೇಕೇ? ಒಂದು ಕಿಲೋ ಸಿಮೆಂಟು ತಯಾರಾಗುವಾಗ ಅದರ ಹತ್ತಿರ ಹತ್ತಿರ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಊರಲ್ಲಿ ಹಳೆಯ ಹೆಂಚಿನ ಶಾಲೆಯೋ ಚಾವಡಿಯೋ ಇದ್ದರೆ, ‘ಶಿಥಿಲ’ ಅಂತ ಕಾಗದದ ಮೇಲೆ ಬರೆಯುವ ಮೊದಲು ಒಂದು ದಿನ ಕೊಟ್ಟು ನೋಡಿ. ಜಂತಿಗಳು ಗೋಡೆಯ ಮೇಲೆ ಕೂರುವ ತುದಿಯಲ್ಲೇ ಮೊದಲು ಕೊಳೆಯುವುದು. ನಡುವೆ ಗಟ್ಟಿಯಾಗೇ ಕಾಣುತ್ತವೆ. ಏಣಿ ಹತ್ತಿ ಪ್ರತಿ ಜಂತಿಯ ತುದಿಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಹೆಚ್ಚು ಸುಲಭವಾಗಿ ಇಳಿದರೆ ಆ ಜಂತಿ ಬದಲಾಗಬೇಕು. ಇಪ್ಪತ್ತರಲ್ಲಿ ಐದಾರು ಹೋಗಿದ್ದರೆ ಕಟ್ಟಡ ಶಿಥಿಲವಲ್ಲ, ದುರಸ್ತಿಗೆ ಬಂದಿದೆ ಅಷ್ಟೆ. ರೀಪು, ಹೆಂಚು ಹೊಸದಾಗಿ ಹಾಕಬಹುದು. ಗೋಡೆಯ ಬಿರುಕು ಕರ್ಣದಂತೆ ಓರೆಯಾಗಿ ಪಾಯದವರೆಗೆ ಇಳಿದಿದ್ದರೆ ಮಾತ್ರ ವಿಷಯ ಬೇರೆ. ಆಗ ಪಾಯ ಕುಸಿದಿರುತ್ತದೆ, ಅದನ್ನು ಎಂಜಿನಿಯರೇ ನೋಡಬೇಕು.

ಹಳೆಯ ಶಾಲೆಗಳ ಸೂರು ಎತ್ತರ, ಹೆಂಚಿನ ಸಂದಿನಲ್ಲಿ ಗಾಳಿಯಾಡುತ್ತದೆ, ಸುತ್ತ ಮರಗಳೂ ಇರುತ್ತವೆ. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯ ನಡೆಯುತ್ತಿರುವುದನ್ನು ನೀವು ನೋಡಿದ್ದೀರಿ. ಎತ್ತರದ ಸೂರು, ಸುತ್ತ ಮರ: ಓದುವ ಕೋಣೆಗೆ ಬೇಕಾದ ದೊಡ್ಡ ಎರಡು ಅನುಕೂಲ ಅವು.

ಸೂರ್ಯ ಎಲ್ಲಿ ನಿಲ್ಲುತ್ತಾನೆ

ಹೊಸದೇ ಕಟ್ಟಬೇಕಾದರೆ ನಿವೇಶನದಲ್ಲಿ ಕಟ್ಟಡವನ್ನು ಯಾವ ಕಡೆ ತಿರುಗಿಸುತ್ತೀರಿ ಎನ್ನುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಒಮ್ಮೆ ಪಾಯ ತೋಡಿದ ಮೇಲೆ ಬದಲಿಸಲು ಬರುವುದಿಲ್ಲ. ಉದ್ದ ಪೂರ್ವ–ಪಶ್ಚಿಮಕ್ಕೆ ಇರಲಿ, ಕಿಟಕಿಗಳು ಉತ್ತರ ಮತ್ತು ದಕ್ಷಿಣಕ್ಕೆ ಬರಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ, ಚಜ್ಜಾ (ಕಿಟಕಿಯ ಮೇಲೆ ನೆರಳಿಗೆ ಹೊರಚಾಚಿದ ಚಪ್ಪಡಿ) ಬೇಡ ಅಂತ. ಹೊರದೇಶದ ಪುಸ್ತಕಗಳಲ್ಲಿ ಅದು ನಿಜ, ನಮ್ಮಲ್ಲಿ ಅಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಕಲಬುರಗಿಯಲ್ಲಿ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಆದ್ದರಿಂದ ಉತ್ತರಕ್ಕೂ ಒಂದೂವರೆ ಅಡಿ ಚಜ್ಜಾ ಬೇಕು.

ದಕ್ಷಿಣಕ್ಕೆ ಎರಡಡಿ ಸಾಕು. ಲೆಕ್ಕ ತೋರಿಸುತ್ತೇನೆ. ಡಿಸೆಂಬರ್ 21ರ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯನ ಎತ್ತರ 53–54 ಡಿಗ್ರಿ. ಎರಡಡಿ ಚಜ್ಜಾದ ನೆರಳು ಕಿಟಕಿಯ ಮೇಲೆ ಸುಮಾರು 80 ಸೆಂಟಿಮೀಟರ್ ಇಳಿಯುತ್ತದೆ. ನಾಲ್ಕಡಿ ಕಿಟಕಿಯ ತಳದಲ್ಲಿ ಒಂದಡಿಗೂ ಸ್ವಲ್ಪ ಹೆಚ್ಚು ಬಿಸಿಲು ಬೀಳುತ್ತದೆ, ಚಳಿಗಾಲಕ್ಕೆ ಅದು ಹಿತವೇ. ಮಾರ್ಚ್ 21ಕ್ಕೆ ಸೂರ್ಯ 77 ಡಿಗ್ರಿ ಏರಿರುತ್ತಾನೆ. ಆಗ ಅದೇ ಚಜ್ಜಾ ಎರಡೂವರೆ ಮೀಟರ್ ನೆರಳು ಕೊಡುತ್ತದೆ, ಕಿಟಕಿ ಪೂರ್ತಿ ನೆರಳಲ್ಲಿ.

ಪಶ್ಚಿಮಕ್ಕೆ ಈ ಆಟ ನಡೆಯುವುದಿಲ್ಲ. ಮಾರ್ಚ್ ತಿಂಗಳ ನಾಲ್ಕು ಗಂಟೆಗೆ ಸೂರ್ಯ 35 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಎರಡಡಿ ಚಜ್ಜಾ ಕಿಟಕಿಯ ಮೇಲಿನ ಒಂದೂವರೆ ಅಡಿಯನ್ನೂ ಮುಚ್ಚುವುದಿಲ್ಲ. ಉಳಿದ ಬಿಸಿಲು ನೇರ ಓದುವವರ ಮುಖಕ್ಕೆ. ಪಶ್ಚಿಮಕ್ಕೆ ಶೌಚಾಲಯ, ಸ್ಟೋರು, ಮೆಟ್ಟಿಲು ಇವನ್ನು ತಳ್ಳಿಬಿಡಿ, ಅವು ಬಿಸಿಲನ್ನು ತಡೆದು ನಿಲ್ಲಲಿ. ಹೊರಗೆ ಹತ್ತು ಹದಿನೈದು ಅಡಿ ದೂರದಲ್ಲಿ ಹೊಂಗೆ ನೆಡಿ. ‘ರಸ್ತೆ ಪಶ್ಚಿಮಕ್ಕಿದೆ, ಮುಂಬಾಗಿಲು ರಸ್ತೆಗೇ ಇರಬೇಕು’ ಅನ್ನುತ್ತಾರೆ. ಇರಲಿ, ಬಾಗಿಲಿನ ಮುಂದೆ ಎಂಟಡಿ ಅಗಲದ ಜಗಲಿ ಇಳಿಸಿ. ಜಗಲಿ ದಂಡವಲ್ಲ: ಪೇಪರ್ ಓದುವ ಹಿರಿಯರು ಒಳಗಿಗಿಂತ ಅಲ್ಲೇ ಹೆಚ್ಚು ಕೂರುತ್ತಾರೆ.

ನಿವೇಶನದ ದೋಷವನ್ನೇ ಅನುಕೂಲ ಮಾಡಿಕೊಂಡದ್ದಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಇಂಧನ–ಪರಿಸರ ಸಂಶೋಧನೆಯ ಟೆರಿ ಸಂಸ್ಥೆಯ ಕಟ್ಟಡ ನೋಡಿ. ವಾಸ್ತುಶಿಲ್ಪಿ ಸಂಜಯ್ ಮೋಹೆ. ದಕ್ಷಿಣಕ್ಕೆ ನಾರುವ ಮೋರಿ ಇತ್ತು, ಆ ಕಡೆ ಕಿಟಕಿ ಇಡುವಂತಿಲ್ಲ. ಅಲ್ಲಿ ಎರಡು ಪದರದ ಗೋಡೆ ಎಬ್ಬಿಸಿ ಹೊರಗೆ ಕಪ್ಪು ಕಡಪಾ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದರೆ ಸಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದು ಏರುವಾಗ ಉತ್ತರದ ಕಿಟಕಿಗಳಿಂದ ತಂಪುಗಾಳಿಯನ್ನು ಒಳಗೆಳೆಯುತ್ತದೆ. ಹಳ್ಳಿಯಲ್ಲಿ ಅಷ್ಟೆಲ್ಲ ಬೇಕಿಲ್ಲ. ಸೂರಿನ ಹತ್ತಿರ ಗೋಡೆಯಲ್ಲಿ ಜಾಲಿ (ಗಾಳಿಯಾಡುವ ತೂತುಗಳ ಕಿಂಡಿ) ಬಿಟ್ಟರೂ ಬಿಸಿಗಾಳಿ ಹೊರಹೋಗುತ್ತದೆ. ಆದರೆ ಜಾಲಿಗೆ ಒಳಗಿನಿಂದ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಯದಿದ್ದರೆ ಮೂರು ತಿಂಗಳಲ್ಲಿ ಪಾರಿವಾಳಗಳು ಸಂಸಾರ ಹೂಡುತ್ತವೆ. ಆಮೇಲೆ ಯಾರೋ ಸಿಟ್ಟಿಗೆದ್ದು ರಟ್ಟು ಹಾಕಿ ಜಾಲಿಯನ್ನೇ ಮುಚ್ಚುತ್ತಾರೆ.

ಸೂರು

ಒಂದೇ ಮಹಡಿಯ ಕಟ್ಟಡಕ್ಕೆ ಕಾವು ಬಹುಪಾಲು ಸೂರಿನಿಂದಲೇ ಬರುತ್ತದೆ. ಗೋಡೆಗೆ ಎಷ್ಟೇ ಖರ್ಚು ಮಾಡಿ, ಸೂರು ಕೆಟ್ಟಿದ್ದರೆ ಎಲ್ಲ ದಂಡ.

ಅತಿ ಅಗ್ಗದ ಉಪಾಯ ಸುಣ್ಣ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ಡ್ರಮ್ಮಿನಲ್ಲಿ ಅರಳಿಸಿ, 24 ಗಂಟೆ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ. ಹತ್ತು ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ. ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ, ಕನ್ನಡಕ ಮತ್ತು ಕೈಗವಸು ಕಡ್ಡಾಯ. ತಾರಸಿಯನ್ನು ತೆಂಗಿನ ಪೊರಕೆಯಿಂದ ಉಜ್ಜಿ, ಪಾಚಿ ತೆಗೆದು, ಸ್ವಲ್ಪ ತೇವ ಮಾಡಿ, ಒಂದರ ಮೇಲೊಂದು ಅಡ್ಡ–ಉದ್ದ ಮೂರು ಕೋಟು ಬಳಿಯಿರಿ. ಮಾಡಬೇಕಾದದ್ದು ಜನವರಿ ಕೊನೆ, ಫೆಬ್ರವರಿಯಲ್ಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಬಹಳಷ್ಟು ತೊಳೆದುಹೋಗುತ್ತದೆ, ಮರುವರ್ಷ ಮತ್ತೆ ಬಳಿಯಬೇಕು. ತಪ್ಪಾಗುವುದು ಎರಡು ಕಡೆ. ಪಾಚಿಯ ಮೇಲೆಯೇ ಬಳಿದರೆ ಹಪ್ಪಳದಂತೆ ಏಳುತ್ತದೆ. ಧೂಳು ಕೂತು ಬಿಳುಪು ಮಾಸಿದರೆ ಕೆಲಸವೂ ಅರ್ಧಕ್ಕೆ ಇಳಿಯುತ್ತದೆ, ಬೇಸಗೆಯಲ್ಲಿ ತಿಂಗಳಿಗೊಮ್ಮೆ ಗುಡಿಸಬೇಕು.

ಪ್ರತಿವರ್ಷ ಬಳಿಯುವುದು ಆಗದ ಮಾತು ಎನ್ನುವವರಿಗೆ ಒಡೆದ ಬಿಳಿ ಟೈಲ್ಸಿನ ತಾರಸಿ ಇದೆ. ಟೈಲ್ಸ್ ಅಂಗಡಿಯಲ್ಲಿ ಒಡೆದ ಚೂರು ಅಗ್ಗಕ್ಕೆ ಸಿಗುತ್ತದೆ. ಹೊಸ ಕಟ್ಟಡವಾದರೆ ಹಳೆಯ ಮೇಸ್ತ್ರಿಗಳ ಪದ್ಧತಿಯೇ ಒಳ್ಳೆಯದು: ಮೋಲ್ಡಿನ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆಯನ್ನು ಸರಾಸರಿ ಮೂರಿಂಚು ಹಾಸಿ, ಕುಟ್ಟಿ, ಮೇಲೆ ಚಪ್ಪಟೆ ಹೆಂಚು ಕೂರಿಸುವುದು. ಇಳಿಜಾರು ನೂರಕ್ಕೆ ಒಂದಾದರೂ ಇರಬೇಕು. ಕುಟ್ಟುವ ಕೆಲಸಕ್ಕೆ ಬೇಕಾದ ದಿನಗಳನ್ನು ಉಳಿಸಲು ಹೋಗಿ ಸಿಮೆಂಟು ಬೆರೆಸಿದರೆ ಗಾರೆ ಬಿರುಕು ಬಿಡುತ್ತದೆ, ನೀರು ಒಳಗೆ ಕೂತು ಮೋಲ್ಡಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಮೋಲ್ಡಿನಲ್ಲೇ ಸಿಮೆಂಟು ಉಳಿಸುವ ದಾರಿ ಫಿಲ್ಲರ್ ಸ್ಲ್ಯಾಬ್. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯ ಮಾಡಿದ ಪದ್ಧತಿ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದು ಬಿಟ್ಟು ಭಾರ ಹೊರುವುದರಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಕಂಬಿಗಳ ನಡುವಿನ ಆ ಜಾಗದಲ್ಲಿ ಎರಡು ಮಂಗಳೂರು ಹೆಂಚನ್ನು ಮುಖಾಮುಖಿ ಇಡುತ್ತಾರೆ. ಹೆಂಚುಗಳ ನಡುವಿನ ಗಾಳಿ ಕಾವನ್ನು ತಡೆಯುತ್ತದೆ, ಕಾಂಕ್ರೀಟು ಕಡಿಮೆ ಸಾಕಾಗುತ್ತದೆ. ಹೆಂಚುಗಳಂತೂ ನಮ್ಮವೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಗೊತ್ತು. ಆದರೆ ಕೆಲಸ ಎಚ್ಚರದಿಂದ ಆಗಬೇಕು. ಹೆಂಚುಗಳನ್ನು ನೀರಿನಲ್ಲಿ ನೆನೆಸದೆ ಇಟ್ಟರೆ ಅವು ಹಸಿ ಕಾಂಕ್ರೀಟಿನ ನೀರು ಹೀರಿ ಸುತ್ತ ಪುಡಿಪುಡಿ ಮಾಡುತ್ತವೆ. ಕಾಂಕ್ರೀಟು ಹೊರುವವರು ಹೆಂಚಿನ ಮೇಲೆ ಕಾಲಿಟ್ಟು ಒಡೆಯುತ್ತಾರೆ, ಓಡಾಡಲು ಹಲಗೆ ಹಾಕಿ. ಫ್ಯಾನಿನ ಕೊಕ್ಕೆ, ವೈರಿನ ಪೈಪು ಎಲ್ಲಿ ಎಂದು ಮೊದಲೇ ತೀರ್ಮಾನವಾಗಬೇಕು. ಆಮೇಲೆ ಕೊರೆಯಲು ಹೋದರೆ ಹೆಂಚಿಗೇ ಬೀಳುತ್ತದೆ. ಎಂಜಿನಿಯರ್ ನಕ್ಷೆ ಇಲ್ಲದೆ ಸೆಂಟ್ರಿಂಗ್ ಮೇಸ್ತ್ರಿಯ ಅಂದಾಜಿನ ಮೇಲೆ ಇದನ್ನು ಮಾಡಲೇಬೇಡಿ.

ಗೋಡೆಗೆ ಊರಿನದೇ ಸಾಮಾನು

ಕರಾವಳಿಯಲ್ಲಿ ಮುರಕಲ್ಲು, ಕಲಬುರಗಿ ಕಡೆ ಶಹಾಬಾದ್ ಕಲ್ಲು, ಕೋಲಾರ–ತುಮಕೂರು ಕಡೆ ಸೈಜುಗಲ್ಲು ಮತ್ತು ಕಲ್ಲುಚಪ್ಪಡಿ, ರಾಯಚೂರಿನ ಸುತ್ತ ಶಾಖೋತ್ಪನ್ನ ಸ್ಥಾವರದ ಹಾರುಬೂದಿ ಇಟ್ಟಿಗೆ. ರಾಜ್ಯಕ್ಕೆಲ್ಲ ಒಂದೇ ಮಾದರಿ ನಕ್ಷೆ ಕಳಿಸುವುದು ಕಚೇರಿಗೆ ಸುಲಭ, ಕಟ್ಟಡಕ್ಕೆ ಕಷ್ಟ.

ಕೆಂಪು ಮಣ್ಣಿನ ಸೀಮೆಯಲ್ಲಿ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಒಳ್ಳೆಯ ಆಯ್ಕೆ. ಸುಡುವುದಿಲ್ಲ, ಸೌದೆ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಘಟಕ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ. ಮಣ್ಣು ನೋಡುವ ಸರಳ ವಿಧಾನ ಹೀಗೆ: ನೇರ ಗೋಡೆಯ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಗೋಡು (ಮರಳಿಗಿಂತ ನುಣುಪಾದ ಮಣ್ಣು) ಆಮೇಲೆ, ಜೇಡಿ ಮರುದಿನದವರೆಗೂ ಕೂರುತ್ತಲೇ ಇರುತ್ತದೆ. ಮರಳಿನ ಪದರ ಮೂರರಲ್ಲಿ ಎರಡು ಭಾಗದಷ್ಟಿರಬೇಕು, ಜೇಡಿ ಹತ್ತರಲ್ಲಿ ಒಂದು ಭಾಗದ ಆಸುಪಾಸು. ಜೇಡಿ ಹೆಚ್ಚಿದ್ದರೆ ಕ್ರಷರಿನ ಪುಡಿ ಬೆರೆಸಿ ಸರಿ ಮಾಡಬಹುದು.

ಸಿಮೆಂಟು ತೂಕದಲ್ಲಿ ಶೇ 7. ಅಂದರೆ ಒಂದು ಚೀಲಕ್ಕೆ 700 ಕೆಜಿ ಮಣ್ಣು. 230 × 190 × 100 ಮಿಲಿಮೀಟರಿನ ಇಟ್ಟಿಗೆ ಎಂಟು ಕೆಜಿ ಹತ್ತಿರ ತೂಗಬೇಕು, ಚೀಲಕ್ಕೆ 90ರ ಮೇಲೆ ಇಟ್ಟಿಗೆ ಬರುತ್ತದೆ. 120 ಬಂತು ಅಂದರೆ ಖುಷಿಪಡಬೇಡಿ, ಮಣ್ಣು ಹೆಚ್ಚು ಬೆರೆಸಿದ್ದಾರೆ ಇಲ್ಲವೇ ಒತ್ತಡ ಕಡಿಮೆಯಾಗಿದೆ. ತೂಕದ ಯಂತ್ರ ಪಕ್ಕದಲ್ಲೇ ಇರಲಿ. ನೆರಳಿನಲ್ಲಿ ಜೋಡಿಸಿ ಗೋಣಿತಟ್ಟು ಹೊದಿಸಿ 21 ದಿನ ನೀರು ಚಿಮುಕಿಸಬೇಕು. ಈ ಇಟ್ಟಿಗೆಗೆ ಕೆಟ್ಟ ಹೆಸರು ಬಂದಿರುವುದು ಬಹುತೇಕ ಈ 21 ದಿನವನ್ನು ಏಳಕ್ಕೆ ಇಳಿಸಿದ ಕಡೆಗಳಲ್ಲಿ. ಕಟ್ಟುವ ಗಾರೆಗೆ ಸಿಮೆಂಟು 1, ಮಣ್ಣು 2, ಮರಳು 6.

ಎರೆಭೂಮಿಯಲ್ಲಿ ಈ ಇಟ್ಟಿಗೆ ಬೇಡ. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುತ್ತದೆ, ಅದು ಇಟ್ಟಿಗೆಗೂ ಆಗದು, ಮಾಮೂಲಿ ಪಾಯಕ್ಕೂ ಆಗದು. ಅಲ್ಲಿ ತಳದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬಗಳನ್ನು (ಅಂಡರ್‌ರೀಮ್ಡ್ ಪೈಲು) ನೆಲದೊಳಗೆ ಇಳಿಸಿ, ಅದರ ಮೇಲಿನ ಬೀಮು ನೆಲಕ್ಕೆ ತಾಗದಂತೆ ಸಂದು ಬಿಡುವುದು ಸರಿಯಾದ ದಾರಿ. ಪಾಯದಲ್ಲಿ ಉಳಿಸಿದ ದುಡ್ಡನ್ನು ಗೋಡೆಯ ಬಿರುಕಿಗೆ ತೇಪೆ ಹಾಕುತ್ತ ಹತ್ತು ವರ್ಷ ಖರ್ಚು ಮಾಡುತ್ತೇವೆ.

ಪುಸ್ತಕದ ಭಾರ, ಪುಸ್ತಕದ ನೆರಳು

ಈಗ ಗ್ರಂಥಾಲಯಕ್ಕೇ ವಿಶೇಷವಾದ ಸಂಗತಿ. ಸಮುದಾಯ ಭವನದ ಮೇಲೊಂದು ಮಹಡಿ ಎಬ್ಬಿಸಿ ಗ್ರಂಥಾಲಯ ಮಾಡೋಣ ಎನ್ನುವ ಮಾತು ಪ್ರತಿ ಪಂಚಾಯಿತಿಯಲ್ಲೂ ಬರುತ್ತದೆ. ಒಂದು ರ‍್ಯಾಕು ಲೆಕ್ಕ ಹಾಕೋಣ. ಮೂರಡಿ ಅಗಲ, ಆರು ಅಂಕಣ, ಎರಡೂ ಬದಿ ಪುಸ್ತಕ. ಒಂದು ಮೀಟರ್ ಉದ್ದದ ಪುಸ್ತಕದ ಸಾಲು ಸುಮಾರು 30 ಕೆಜಿ ತೂಗುತ್ತದೆ. ಒಂದು ಬದಿಗೆ 160 ಕೆಜಿ, ಎರಡು ಬದಿಗೆ 320, ಕಬ್ಬಿಣದ ರ‍್ಯಾಕು ಸೇರಿ 370. ರ‍್ಯಾಕಿನ ಮುಂದಿನ ಮೂರಡಿ ಓಣಿಯನ್ನೂ ಅದರ ಪಾಲಿಗೆ ಸೇರಿಸಿ ಹಂಚಿದರೂ ಚದರ ಮೀಟರಿಗೆ 300 ಕೆಜಿ. ಮನೆಯ ಮೋಲ್ಡನ್ನು ಲೆಕ್ಕ ಹಾಕುವುದು 200 ಕೆಜಿಗೆ. ಕಟ್ಟಡ ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನಕ 875 ಪುಸ್ತಕದ ದಾಸ್ತಾನು ಕೋಣೆಗೆ 2.2 ಮೀಟರ್ ಎತ್ತರದವರೆಗೆ 600 ಕೆಜಿ ಹಿಡಿಯಿರಿ, ಅದಕ್ಕಿಂತ ಮೇಲಿನ ಪ್ರತಿ ಮೀಟರಿಗೆ ಇನ್ನೂ 200 ಸೇರಿಸಿ ಎನ್ನುತ್ತದೆ. ಆದ್ದರಿಂದ ಪುಸ್ತಕ ನೆಲಮಹಡಿಯಲ್ಲೇ ಇರಲಿ. ಮೇಲೆ ಹೋಗಲೇಬೇಕಾದರೆ ರ‍್ಯಾಕುಗಳನ್ನು ಬೀಮುಗಳ ಮೇಲೆ, ಗೋಡೆಯ ಸಾಲಿನಲ್ಲಿ ಇಡಿ, ನಡುವೆ ಮೇಜು ಬರಲಿ.

ನೆಲಮಹಡಿ ಅಂದರೆ ರ‍್ಯಾಂಪಿನ ಕೆಲಸವೂ ಸುಲಭ. 12ಕ್ಕೆ 1ರ ಇಳಿಜಾರು, ಒಂದೂವರೆ ಅಡಿ ಎತ್ತರದ ಪಾಯಕ್ಕೆ 18 ಅಡಿ ಉದ್ದ. ಎಸ್ಟಿಮೇಟಿನಲ್ಲಿ ಜಾಗ ಬಿಡದೆ ಕೊನೆಗೆ ಆರಡಿಯಲ್ಲಿ ಮುಗಿಸಿದ ರ‍್ಯಾಂಪು ಗಾಲಿಕುರ್ಚಿಗೆ ಜಾರುಬಂಡೆ.

ಬೆಳಕಿನ ವಿಷಯ. ಕಿಟಕಿಯ ಮೇಲಂಚು ಎಷ್ಟು ಎತ್ತರವೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಹಗಲಿನ ಬೆಳಕು ಒಳಗೆ ನಿಲ್ಲುತ್ತದೆ. ಏಳಡಿಯ ಲಿಂಟಲ್ ಇದ್ದರೆ 15 ಅಡಿ ಚಿಲ್ಲರೆ. ಎರಡೂ ಕಡೆ ಕಿಟಕಿಯಿರುವ 20 ಅಡಿ ಅಗಲದ ಕೋಣೆಗೆ ಹಗಲಲ್ಲಿ ಟ್ಯೂಬು ಹಚ್ಚುವ ಅಗತ್ಯವೇ ಬರಬಾರದು. ಆದರೂ ಹಚ್ಚುತ್ತೇವೆ. ಯಾಕೆ? ಕಿಟಕಿಗೆ ಅಡ್ಡಲಾಗಿ ಏಳಡಿಯ ಬೀರು ನಿಲ್ಲಿಸಿರುತ್ತೇವೆ. ಕಟ್ಟಡದ ನಕ್ಷೆ ಒಬ್ಬರದು, ಪೀಠೋಪಕರಣದ ಟೆಂಡರು ಇನ್ನೊಬ್ಬರದು. ಎರಡೂ ಒಂದೇ ಕಾಗದದ ಮೇಲೆ ಬರೆದಿರಬೇಕು. ರ‍್ಯಾಕುಗಳು ಕಿಟಕಿಗೋಡೆಗೆ ಲಂಬವಾಗಿ ನಿಂತರೆ ಪ್ರತಿ ಓಣಿಗೂ ಬೆಳಕು ಹರಿಯುತ್ತದೆ, ಗಾಳಿಯೂ. ಓದುವ ಮೇಜು ಉತ್ತರದ ಕಿಟಕಿಯ ಬಳಿ. ರಾತ್ರಿಗೆ ಮೇಜಿನ ಮೇಲೆ 300 ಲಕ್ಸ್ (ಬೆಳಕಿನ ಅಳತೆ) ಸಾಕು, ಮೊಬೈಲಿನ ಆ್ಯಪಿನಲ್ಲೇ ಅಂದಾಜು ಅಳೆಯಬಹುದು.

ಬೂಷ್ಟು ಮತ್ತು ಗೆದ್ದಲು

ಮಲೆನಾಡು, ಕರಾವಳಿಯವರಿಗೆ ಸೆಕೆಗಿಂತ ತೇವವೇ ಶತ್ರು. ಗಾಳಿಯ ತೇವಾಂಶ ಶೇ 65–70 ದಾಟಿ ಹಾಗೇ ನಿಂತರೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗಾಜಿನ ಬೀರುವಿನಲ್ಲಿ ಭದ್ರ ಮಾಡಿದ್ದೇವೆ ಅಂತ ಜುಲೈನಲ್ಲಿ ಬಾಗಿಲು ಹಾಕಿದರೆ ತೇವವನ್ನೂ ಒಳಗೇ ಭದ್ರ ಮಾಡಿದಂತೆ. ತೆರೆದ ರ‍್ಯಾಕು, ಹಿಂಬದಿ ತಗಡು ಇಲ್ಲದ್ದು, ಗೋಡೆಯಿಂದ ಅರ್ಧ ಅಡಿ ದೂರ, ಕೆಳಗಿನ ಅಂಕಣ ನೆಲದಿಂದ ಅರ್ಧ ಅಡಿ ಮೇಲೆ. ಮಳೆ ಹೊಡೆಯುವ ನೈಋತ್ಯದ ಗೋಡೆಗೆ ಪುಸ್ತಕ ಒರಗಿಸಲೇಬೇಡಿ. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕುವುದು ನಮ್ಮ ಅಭ್ಯಾಸ, ಕಾಗದ ಸುಕ್ಕಾಗಿ ಹಳದಿ ತಿರುಗುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ, ಬೀಸಣಿಗೆಯಂತೆ ಹಾಳೆ ಬಿಡಿಸಿ ನಿಲ್ಲಿಸಿ ಒಣಗಿಸಿ.

ಗೆದ್ದಲಿಗೆ ಪಾಯ ಹಾಕುವಾಗಲೇ ಔಷಧ ಹೊಡೆಸಬೇಕು. ಆ ಖರ್ಚು ಎಸ್ಟಿಮೇಟಿನಲ್ಲಿ ಇದ್ದೇ ಇರುತ್ತದೆ, ಹೊಡೆದರೋ ಇಲ್ಲವೋ ನೋಡಲು ಯಾರೂ ಇರುವುದಿಲ್ಲ. ಪಾಯದ ಮೇಲೆ ಕಲ್ಲಿನ ಪಟ್ಟಿ ಒಂದೆರಡು ಇಂಚು ಹೊರಚಾಚಿದ್ದರೆ ಗೆದ್ದಲಿನ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ, ವಾರಕ್ಕೊಮ್ಮೆ ಸುತ್ತು ಹಾಕಿದರೆ ಸಾಕು.

ನೀರು

ಮಾದರಿಗೆ ಓದುವ ಕೋಣೆ, ಜಗಲಿ, ಶೌಚಾಲಯ ಸೇರಿ 100 ಚದರ ಮೀಟರ್ ಸೂರು ಎನ್ನೋಣ. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್, ಸೋರಿ ಆರಿ ಕೈಗೆ ಸಿಗುವುದು 850. ಫ್ಲೋರೈಡ್ ಇರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಈ ನೀರು ಕುಡಿಯಲು ಬೋರಿಗಿಂತ ಲೇಸು. ದಿನಕ್ಕೆ 50 ಜನ, ತಲಾ ಎರಡು ಲೀಟರ್, ಮಳೆಯಿಲ್ಲದ 150 ದಿನ: 15,000 ಲೀಟರಿನ ಸಂಪು. ಅದು ತುಂಬಲು 180 ಮಿಲಿಮೀಟರ್ ಮಳೆ ಸಾಕು, ಒಣ ತಾಲ್ಲೂಕಿನಲ್ಲೂ ಅಷ್ಟು ಸಿಗುತ್ತದೆ. ಮೊದಲ ಮಳೆಯ 100–200 ಲೀಟರನ್ನು ಹೊರಚೆಲ್ಲುವ ವ್ಯವಸ್ಥೆ ಇರಬೇಕು, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ಸಂಪಿಗೆ ಬೆಳಕು ಬೀಳಕೂಡದು, ಕುಡಿಯುವ ಮೊದಲು ಸೋಸಿ ಕುದಿಸಬೇಕು ಅಥವಾ ಕ್ಲೋರಿನ್ ಹಾಕಬೇಕು. ಸುಣ್ಣ ಬಳಿದ ವರ್ಷ ಮೊದಲ ಒಂದೆರಡು ಮಳೆ ಪೂರ್ತಿ ಹೊರಗೆ ಬಿಡಿ.

ಹೆಚ್ಚಾದ ನೀರು ಇಂಗುಗುಂಡಿಗೆ. ನಾಲ್ಕಡಿ ವ್ಯಾಸ, ಹತ್ತಡಿ ಆಳದ ಸಿಮೆಂಟು ಬಳೆಯ ಗುಂಡಿ ಸುಮಾರು 3,500 ಲೀಟರ್ ಹಿಡಿಯುತ್ತದೆ. ಅದರ ತುಂಬ ಜಲ್ಲಿ ಸುರಿಯುವ ಪದ್ಧತಿ ಯಾಕೆ ಬಂತೋ! ಜಲ್ಲಿಯ ಸಂದಿನಲ್ಲಿ ನೀರಿಗೆ ಉಳಿಯುವುದು ಶೇ 40ರಷ್ಟು ಜಾಗ. ಗುಂಡಿ ಖಾಲಿ ಇರಲಿ, ಮೇಲೆ ಗಟ್ಟಿ ಮುಚ್ಚಳ ಇರಲಿ.

ಕೊನೆಗೂ ಸೋಲಾರು

ಎಂಟು ಎಲ್‌ಇಡಿ ಟ್ಯೂಬು 160 ವ್ಯಾಟು. ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು ಆರು, 180 ವ್ಯಾಟು. ಹಳೇ ಫ್ಯಾನಾದರೆ ಇದೇ 450 ಆಗುತ್ತಿತ್ತು. ನಾಲ್ಕು ಕಂಪ್ಯೂಟರ್ 400. ಒಟ್ಟು 740, ದಿನಕ್ಕೆ ಏಳು ಗಂಟೆಗೆ ಐದು ಯೂನಿಟ್ ಚಿಲ್ಲರೆ. ನಮ್ಮಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟ್ ಧಾರಾಳ. ಐದು ಬೇಕು ಎನ್ನುವ ಎಸ್ಟಿಮೇಟ್ ಬಂದರೆ ಯಾವ ಯಂತ್ರಕ್ಕೆ ಅಂತ ಕೇಳಿ.

ಅತಿ ಹೆಚ್ಚು ನಿರಾಸೆಯಾಗುವ ಜಾಗ ಇದು: ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರು ಕರೆಂಟು ಹೋದಾಗ ತಾನೂ ಆಫ್ ಆಗುತ್ತದೆ. ಕಂಬದ ಮೇಲಿರುವ ಲೈನ್‌ಮನ್ನಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುವುದು, ದೋಷವಲ್ಲ. ಕರೆಂಟು ಹೋದಾಗಲೂ ಓದು ನಡೆಯಬೇಕಾದರೆ ವೈರಿಂಗ್ ಮಾಡುವಾಗಲೇ ಟ್ಯೂಬು, ಫ್ಯಾನು, ಇಂಟರ್‌ನೆಟ್ ಪೆಟ್ಟಿಗೆ ಇಷ್ಟನ್ನೇ ಬೇರೆ ಲೈನಿಗೆ ಹಾಕಿಸಿ. 350 ವ್ಯಾಟಿನ ಆ ಲೈನನ್ನು ಒಂದು ಮಾಮೂಲಿ ಇನ್ವರ್ಟರು, 150 ಆ್ಯಂಪಿಯರ್ ಅವರ್ ಬ್ಯಾಟರಿ ಎರಡೂವರೆ ಗಂಟೆ ಎಳೆಯುತ್ತದೆ. ಹೋಬಳಿಯಲ್ಲೇ ಸಿಗುವ ಸಾಮಾನು. ಪ್ಯಾನೆಲಿನ ಪಕ್ಕ ನೀರಿನ ಟ್ಯಾಂಕು ಕೂರಿಸಬೇಡಿ, ಸಾಲಿನ ಒಂದು ಪ್ಯಾನೆಲಿನ ಮೇಲೆ ನೆರಳು ಬಿದ್ದರೆ ಇಡೀ ಸಾಲೇ ಕುಂಟುತ್ತದೆ. ಮೋಲ್ಡಿಗೆ ಬೋಲ್ಟು ಕೊರೆದು ನಿಲ್ಲಿಸಿದರೆ ಮುಂದಿನ ಮಳೆಗೆ ಅಲ್ಲೇ ಸೋರಿಕೆ. ಕಾಂಕ್ರೀಟ್ ದಿಮ್ಮಿ ಕಟ್ಟಿ ಅದರ ಮೇಲೆ ಕೂರಿಸಿ. ಹದಿನೈದು ದಿನಕ್ಕೊಮ್ಮೆ ಬೆಳಗಿನ ಹೊತ್ತು ಒರೆಸಿ.

ಸಮುದಾಯ ಭವನಕ್ಕೆ ಒಂದೆರಡು ಮಾತು ಸಾಕು. ಅದು ಮುಹೂರ್ತದ ದಿನ ತುಂಬಿ, ಉಳಿದ ದಿನ ಬೀಗ ಹಾಕಿರುವ ಕಟ್ಟಡ. ಅದರ ವಿದ್ಯುತ್ ಮೀಟರು ಬೇರೆ ಇರಲಿ. ತಗಡಿನ ಸೂರಾದರೆ ಮಳೆ ಬಂದಾಗ ಮೈಕೂ ಕೇಳಿಸದು, ಕೆಳಗೆ ಬಿದಿರಿನ ತಟ್ಟಿಯದ್ದಾದರೂ ಒಳಸೂರು ಬೇಕು. ಗ್ರಂಥಾಲಯಕ್ಕೂ ಭವನಕ್ಕೂ ಒಂದೇ ಗೋಡೆ ಬೇಡ, ನಡುವೆ ಒಂದು ಅಂಗಳ ಬಿಡಿ.

ಸಭಿಕರ ಪ್ರಶ್ನೆಗಳು

ಮಣ್ಣಿನ ಇಟ್ಟಿಗೆ ಮಳೆಗೆ ಕರಗುವುದಿಲ್ಲವೇ ಎಂದು ಒಬ್ಬ ಸದಸ್ಯರು ಕೇಳಿದರು. ಸರಿಯಾಗಿ ಕ್ಯೂರಿಂಗ್ ಆದದ್ದು, ಅಂದರೆ ಆ 21 ದಿನ ನೀರು ಕುಡಿದದ್ದು, ಕರಗುವುದಿಲ್ಲ. ಒಂದು ಇಟ್ಟಿಗೆಯನ್ನು ಇಡೀ ದಿನ ಬಕೆಟಿನಲ್ಲಿ ಮುಳುಗಿಸಿಡಿ, ಅಂಚು ಬೆರಳಿಗೆ ಉದುರಿದರೆ ಆ ಸರಬರಾಜನ್ನೇ ವಾಪಸ್ ಕಳಿಸಿ. ಗೋಡೆ ಕೆಡುವುದು ಹೆಚ್ಚಾಗಿ ಕೆಳಗಿನ ಒಂದೂವರೆ ಅಡಿಯಲ್ಲಿ, ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಕಡೆ. ಪಾಯವನ್ನು ಕಲ್ಲಿನಲ್ಲಿ ಎರಡಡಿ ಎತ್ತಿ, ಸೂರನ್ನು ಎರಡಡಿ ಹೊರಚಾಚಿದರೆ ಆ ತೊಂದರೆ ಇಲ್ಲ.

ಕಂಪ್ಯೂಟರ್ ಕೋಣೆಗೆ ಎಸಿ ಬೇಡವೇ ಎಂದು ಇನ್ನೊಬ್ಬರು. ನಾಲ್ಕು ಕಂಪ್ಯೂಟರಿಗೆ ಬೇಡ. ಕರಾವಳಿಯಲ್ಲಂತೂ ಹಗಲು ಎಸಿ ಹಾಕಿ ಸಂಜೆ ನಿಲ್ಲಿಸುವುದೇ ಕೆಡುಕು. ತಣ್ಣಗಾದ ಗೋಡೆ, ಪುಸ್ತಕಗಳ ಮೇಲೆ ರಾತ್ರಿಯ ತೇವದ ಗಾಳಿ ಬೆವರಿನಂತೆ ಇಳಿಯುತ್ತದೆ, ಬೂಷ್ಟು ಅಲ್ಲಿಂದಲೇ ಶುರು.

ಹೊಸ ಕಟ್ಟಡಕ್ಕೆ ಅನುದಾನ ಇಲ್ಲ, ಇರುವ ಆರ್‌ಸಿಸಿ ಕಟ್ಟಡಕ್ಕೆ ಒಂದು ಲಕ್ಷ ಸಿಕ್ಕಿದರೆ ಏನು ಮಾಡಬೇಕು ಎಂದು ಕೇಳಿದವರು ಒಬ್ಬ ಮೇಲ್ವಿಚಾರಕರು. ಅನುಕ್ರಮ ಹೀಗೆ. ಮೊದಲು ತಾರಸಿಯ ಸೋರಿಕೆ ನಿಲ್ಲಿಸಿ, ಸುಣ್ಣ ಬಳಿಯಿರಿ. ಆಮೇಲೆ ಕಿಟಕಿಗೆ ಅಡ್ಡ ಇರುವ ಬೀರು ಸರಿಸಿ, ಇದಕ್ಕೆ ಖರ್ಚಿಲ್ಲ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ. ಒಳಗಿನ ಪರದೆ ಬಿಸಿಲು ಗಾಜು ದಾಟಿ ಬಂದ ಮೇಲೆ ತಡೆಯುವಂಥದ್ದು, ಅರ್ಧ ಕೆಲಸವೂ ಆಗದು. ಫ್ಯಾನು, ಟ್ಯೂಬು ಬದಲಿಸಿ. ದುಡ್ಡು ಇನ್ನೂ ಉಳಿದಿದ್ದರೆ ಇನ್ವರ್ಟರು. ಪ್ಯಾನೆಲು ಮುಂದಿನ ವರ್ಷಕ್ಕಿರಲಿ. ಒಂದು ಗೋಡೆ ಥರ್ಮಾಮೀಟರ್ ತಂದು ಓದುವ ಮೇಜಿನ ಎತ್ತರಕ್ಕೆ, ಬಿಸಿಲು ತಾಗದ ಕಡೆ ತೂಗುಹಾಕಿ. ಸುಣ್ಣ ಬಳಿಯುವ ಮೊದಲು ಮೂರು ದಿನ, ಬಳಿದ ಮೇಲೆ ಮೂರು ದಿನ, ಸಂಜೆ ನಾಲ್ಕೂವರೆಗೆ ಒಳಗಿನದೂ ಹೊರಗಿನದೂ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಮುಂದಿನ ಗ್ರಾಮ ಸಭೆಯಲ್ಲಿ ಅನುದಾನ ಕೇಳುವಾಗ ಆ ಪುಟವನ್ನೇ ಓದಿ.